ಮುಂದೆ ನಡೆಯುವವರು: ಕಾಲ್ನಡಿಗೆಯ ಪುಸ್ತಕಗಳ ಓದು



ದೂರದ ಕಾಲ್ನಡಿಗೆಯನ್ನೂ ಕಾಡು, ಬೆಟ್ಟ, ನದಿಗಳ ನಡುವಿನ ತಿರುಗಾಟವನ್ನೂ ಕುರಿತು ಓದತಕ್ಕ ಪುಸ್ತಕಗಳು ಯಾವುವು, ಅವುಗಳನ್ನು ಯಾವ ದೃಷ್ಟಿಯಿಂದ ಓದಬೇಕು ಎಂಬುದು ಇಂದಿನ ಉಪನ್ಯಾಸದ ವಿಷಯ. ಅದರ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿಮಾನ, ರೈಲು, ಬಸ್ಸುಗಳಲ್ಲಿ ಹೋಗಿ ದೇಶ ನೋಡಿ ಬಂದವರ ಪ್ರವಾಸಕಥನಗಳು ಕನ್ನಡದಲ್ಲಿ ಹೇರಳವಾಗಿದ್ದರೂ ಅವು ಇಲ್ಲಿ ಚರ್ಚೆಗೆ ಬರುವುದಿಲ್ಲ. ಯಾವ ಬೆಟ್ಟಕ್ಕೆ ಎಲ್ಲಿಂದ ಹತ್ತಬೇಕು, ಎಲ್ಲಿ ತಂಗಬೇಕು ಎಂದು ತಿಳಿಸುವ ಕೈಪಿಡಿಗಳೂ ಬರುವುದಿಲ್ಲ. ಕಾಲಿನಿಂದ ನಡೆದು ಕಂಡದ್ದನ್ನು, ನಡೆಯದಿದ್ದರೆ ಕಾಣಲಾಗದಿದ್ದುದನ್ನು ಬರೆದ ಪುಸ್ತಕಗಳು ಮಾತ್ರ ಇಲ್ಲಿನ ಲೆಕ್ಕಕ್ಕೆ ಸೇರುತ್ತವೆ. ಮೊದಲು ಈ ವಿಷಯಕ್ಕೂ ಈ ಸಭೆ ಸೇರಿರುವ ಮುಂಬಯಿಯ ಉಪನಗರ ಗೋರೆಗಾಂವಿನ ಪರಿಸರಕ್ಕೂ ಇರುವ ಸಂಬಂಧವನ್ನು, ಬಳಿಕ ಕನ್ನಡದ ಕೃತಿಗಳನ್ನು, ಆಮೇಲೆ ನೆರೆಯ ಮರಾಠಿಯ ಕೃತಿಗಳನ್ನು, ಕೊನೆಗೆ ಹೊರಗಿನ ಕೆಲವನ್ನು ಪರಿಶೀಲಿಸಿ, ಓದಿನ ಕ್ರಮವೊಂದನ್ನು ಸೂಚಿಸುವುದು ಈ ಉಪನ್ಯಾಸದ ಉದ್ದೇಶ.

ಗೋರೆಗಾಂವ್ ರೈಲು ನಿಲ್ದಾಣದ ಪೂರ್ವಕ್ಕೆ ಇಳಿದವರಿಗೆ ಹೆದ್ದಾರಿ ದಾಟಿದೊಡನೆ ಆರೆ ಕಾಲೊನಿಯ ಮರಗಳು ಎದುರಾಗುತ್ತವೆ. ನಗರದೊಳಗಿನ ಎಮ್ಮೆಯ ಕೊಟ್ಟಿಗೆಗಳನ್ನು ಹೊರಕ್ಕೆ ಸಾಗಿಸುವ ಸಲುವಾಗಿ 1949ರಲ್ಲಿ ಆರಂಭವಾದ ಈ ಹಾಲಿನ ಕಾಲೊನಿಯ ನೆಲದಲ್ಲಿ ವಾರ್ಲಿ ಮೊದಲಾದ ಆದಿವಾಸಿಗಳ ಪಾಡಾಗಳು, ಎಂದರೆ ಚಿಕ್ಕ ಕೇರಿಗಳು, ಇಂದಿಗೂ ಇವೆ. ಅದರಾಚೆಗೆ 100 ಚದರ ಕಿಲೋಮೀಟರಿಗೂ ಮಿಕ್ಕಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಅದರ ನಡುವೆ ಬಂಡೆ ಕೊರೆದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳ ಕಾನ್ಹೇರಿ. ಸೋಪಾರ ಬಂದರಿಗೂ ಕಲ್ಯಾಣಕ್ಕೂ ನಡುವಿನ ವ್ಯಾಪಾರ ಮಾರ್ಗಗಳ ಆಸುಪಾಸಿನಲ್ಲಿದ್ದ ಈ ಬೌದ್ಧ ವಿಹಾರವನ್ನು ಪೋಷಿಸಿದವರಲ್ಲಿ ಕಾಲ್ನಡಿಗೆಯಲ್ಲಿ, ಎತ್ತಿನ ಹೇರಿನೊಡನೆ ಸಾಗುತ್ತಿದ್ದ ವರ್ತಕರೂ ಇದ್ದರು. ಗುಹೆಗಳ ಬಳಿ ಮಳೆಯ ನೀರು ತುಂಬಿಕೊಳ್ಳುವಂತೆ ಬಂಡೆಯಲ್ಲೇ ಕಡಿದ ತೊಟ್ಟಿಗಳೂ ಕುಳಿತು ದಣಿವಾರಿಸಿಕೊಳ್ಳುವ ಕಲ್ಲಿನ ಜಗಲಿಗಳೂ ನಡೆದು ಬಂದವರ ಕಾಲವನ್ನು ನೆನಪಿಸುತ್ತವೆ. ಕನ್ನಡಿಗರು ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 9ನೇ ಶತಮಾನದ ಕಾನ್ಹೇರಿಯ ಶಾಸನಗಳಲ್ಲಿ ಕೊಂಕಣದ ಶಿಲಾಹಾರ ಅರಸರಾದ ಪುಲ್ಲಶಕ್ತಿ ಮತ್ತು ಕಪರ್ದಿ ತಮ್ಮ ಸಾರ್ವಭೌಮನನ್ನಾಗಿ ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಕವಿರಾಜಮಾರ್ಗಕ್ಕೆ ಆಶ್ರಯವಿತ್ತ ಅದೇ ನೃಪತುಂಗನನ್ನು.

ಸಂಬಂಧ ಶಾಸನಕ್ಕಷ್ಟೇ ಸೀಮಿತವಲ್ಲ. ಮುಂಬಯಿಯ ಬೆನ್ನಿಗೆ ನಿಂತಿರುವ ಸಹ್ಯಾದ್ರಿಯೇ ದಕ್ಷಿಣಕ್ಕೆ ಸಾಗಿ ಆಗುಂಬೆ, ಕೊಡಚಾದ್ರಿ, ಕುಮಾರ ಪರ್ವತಗಳಾಗುತ್ತದೆ. ಕಲ್ಯಾಣದ ಕಡೆಯಿಂದ ಜುನ್ನರಿಗೆ ಹತ್ತುವ ನಾಣೇಘಾಟದಲ್ಲಿ ಶಾತವಾಹನರ ರಾಣಿ ನಾಗನಿಕೆಯ ಶಾಸನವುಳ್ಳ ಗುಹೆಯೂ, ಘಟ್ಟದ ತಲೆಯ ಮೇಲೆ ಹಾದಿಯ ಸುಂಕದ ನಾಣ್ಯ ಹಾಕಿಸುತ್ತಿದ್ದ ಪಾತ್ರೆಯೆಂದು ಜನ ಹೇಳುವ, ಮರಾಠಿಯಲ್ಲಿ ರಾಂಜಣ ಎನ್ನುವ, ಕಲ್ಲಿನ ದೊಡ್ಡ ಹಂಡೆಯೂ ಇಂದಿಗೂ ಇವೆ. ಇಂಥ ಘಾಟುಗಳೇ ಕರ್ನಾಟಕದ ಪಾಲಿಗೆ ಘಟ್ಟದ ಮೇಲಿನವರನ್ನೂ ಕೆಳಗಿನವರನ್ನೂ ಜೋಡಿಸಿದ ಕಾಲುದಾರಿಗಳು. ಆದ್ದರಿಂದ ಗೋರೆಗಾಂವಿನ ಕನ್ನಡ ಓದುಗರಿಗೆ ಮಲೆನಾಡಿನ ಪುಸ್ತಕ ದೂರದ ಪುಸ್ತಕವಲ್ಲ, ಸಹ್ಯಾದ್ರಿಯ ಮರಾಠಿ ಪುಸ್ತಕ ಪರರ ಪುಸ್ತಕವೂ ಅಲ್ಲ.

ಇಲ್ಲಿ ಈ ಉಪನ್ಯಾಸದ ಮುಖ್ಯ ಪ್ರತಿಪಾದನೆಯನ್ನು ಮುಂದಿಡಬೇಕು. ಇಂಗ್ಲಿಷಿನಲ್ಲಿ ನಡಿಗೆಯ ಉತ್ತಮ ಪುಸ್ತಕಗಳೆಂದು ಪಟ್ಟಿ ಮಾಡುವಾಗ ಮೊದಲಿಗೆ ಬರುವುದು ಬಹುಮಟ್ಟಿಗೆ ಒಂಟಿ ನಡಿಗೆಗಾರನ ಪುಸ್ತಕ. 1862ರಲ್ಲಿ, ಲೇಖಕನ ಮರಣಾನಂತರ, ಪ್ರಕಟವಾದ ಹೆನ್ರಿ ಡೇವಿಡ್ ಥೋರೊನ ‘ವಾಕಿಂಗ್’ ಪ್ರಬಂಧದಿಂದ ಹಿಡಿದು ಅಮೆರಿಕದ ಅಪಲಾಚಿಯನ್ ಟ್ರೇಲ್ ಕುರಿತ ಬಿಲ್ ಬ್ರೈಸನ್‌ನ ‘ಎ ವಾಕ್ ಇನ್ ದ ವುಡ್ಸ್’ (1998), ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಕುರಿತ ಶೆರಿಲ್ ಸ್ಟ್ರೇಡ್‌ಳ ‘ವೈಲ್ಡ್’ (2012) ವರೆಗೆ ನಡೆಯುವವರು ತಮ್ಮ ಇಚ್ಛೆಯಿಂದ, ತಮ್ಮ ಮನಸ್ಸಿನ ಕಾರಣಕ್ಕಾಗಿ ನಡೆಯುತ್ತಾರೆ. ಅದಕ್ಕೆ ದಾರಿಯ ಸ್ವರೂಪವೂ ಒಂದು ಕಾರಣ. ಟ್ರೇಲ್ ಎಂದರೆ ನಡೆಯುವ ಸಂತೋಷಕ್ಕಾಗಿಯೇ ಗುರುತು ಹಾಕಿ ಕಾಪಾಡಿಕೊಂಡ ದಾರಿ. 1921ರಲ್ಲಿ ಬೆಂಟನ್ ಮೆಕಾಯ್ ಎಂಬಾತ ಸೂಚಿಸಿ 1937ರ ಹೊತ್ತಿಗೆ ಪೂರ್ಣಗೊಂಡ ಅಪಲಾಚಿಯನ್ ಟ್ರೇಲ್ ಸುಮಾರು 3,500 ಕಿಲೋಮೀಟರ್ ಉದ್ದವಿದ್ದು, ಉದ್ದಕ್ಕೂ ಮರಗಳ ಮೇಲೆ ಬಿಳಿಯ ಬಣ್ಣದ ಗುರುತುಗಳಿವೆ. ಅಲ್ಲಿ ದಾರಿ ತೋರಿಸುವವರ ಅಗತ್ಯ ಕಡಿಮೆ. ಭಾರತದ ಕಾಲುದಾರಿಗಳು ಹಾಗೆ ಹುಟ್ಟಿದವಲ್ಲ. ಅವು ದನ ಹೊಡೆದುಕೊಂಡು ಹೋದವರು, ಸೌದೆ ತಂದವರು, ಉಪ್ಪು ಹೊತ್ತು ಘಟ್ಟ ಹತ್ತಿದವರು, ಜಾತ್ರೆಗೆ ಹೋದವರು ಸವೆಸಿದ ದಾರಿಗಳು. ಆದುದರಿಂದ ಕನ್ನಡದ ಒಳ್ಳೆಯ ಕಾಲ್ನಡಿಗೆಯ ಬರಹದಲ್ಲಿ ಓದುಬರಹ ಬಲ್ಲ ನಿರೂಪಕ ಒಂಟಿಯಾಗಿ ನಡೆಯುವುದು ಅಪರೂಪ. ಅವನ ಮುಂದೆ ಹೊಟ್ಟೆಪಾಡಿಗಾಗಿ ಆ ದಾರಿಯನ್ನು ದಿನವೂ ತುಳಿಯುವ ಇನ್ನೊಬ್ಬ ಇರುತ್ತಾನೆ. ಆ ಮುಂದಿನವನನ್ನು ಪುಸ್ತಕ ಹೇಗೆ ಕಾಣುತ್ತದೆ ಎಂಬುದೇ ಅದರ ಯೋಗ್ಯತೆಯನ್ನು ಅಳೆಯುವ ಮುಖ್ಯ ಮಾನದಂಡವಾಗಬೇಕು.

ಈ ದೃಷ್ಟಿಯಿಂದ ಕನ್ನಡದ ಕೃತಿಗಳನ್ನು ನೋಡೋಣ. ಮೊದಲನೆಯದು ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943). ಕಾದಂಬರಿಯೆಂಬ ಕಾರಣಕ್ಕೆ ಇದನ್ನು ನಡಿಗೆಯ ಪುಸ್ತಕಗಳ ಸಾಲಿನಿಂದ ಹೊರಗಿಡುವುದು ತಪ್ಪಾಗುತ್ತದೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕ ದೇರಣ್ಣ ಮತ್ತು ಬಟ್ಯ ಎಂಬಿಬ್ಬರ ಕಣ್ಣಿಗೆ ಬಿದ್ದು, ಅವರ ಹಿಂದೆ ಕತ್ತಲಲ್ಲಿ ನಡೆದು, ಗೋಪಾಲಯ್ಯ ಮತ್ತು ಶಂಕರಮ್ಮ ದಂಪತಿಗಳ ಮನೆ ಸೇರುತ್ತಾನೆ. ಒಂದು ರಾತ್ರಿ ತಂಗಲು ಬಂದವನು ಅಲ್ಲಿಯೇ ಉಳಿದು ಸುತ್ತಲ ಕಾಡುಮೇಡುಗಳನ್ನು ಗೋಪಾಲಯ್ಯನ ಬೆನ್ನ ಹಿಂದೆ ನೋಡುತ್ತಾನೆ. ಕಾಡು ಕಡಿದು ತೋಟ ಮಾಡಿದ ಈ ಮುದುಕ ಏರು ಹಾದಿಯಲ್ಲಿಯೂ ಮಾತು ನಿಲ್ಲಿಸುವುದಿಲ್ಲ; ಕೃಷಿ, ಕಾಡುಪ್ರಾಣಿಗಳ ಉಪದ್ರವ, ಮನೆ ಬಿಟ್ಟುಹೋದ ಮಗ ಎಲ್ಲವೂ ನಡಿಗೆಯ ನಡುವೆಯೇ ಹೊರಬರುತ್ತವೆ. ಮನೆಯ ಜಗಲಿಯಲ್ಲಿ ಕುಳಿತಾಗ ಗೋಪಾಲಯ್ಯ ಮುಚ್ಚಿಟ್ಟುಕೊಳ್ಳುವ ದುಃಖ ಬೆಟ್ಟದ ಹಾದಿಯಲ್ಲಿ ತಾನಾಗಿ ತೆರೆದುಕೊಳ್ಳುವ ರೀತಿ ಈ ಕೃತಿಯ ದೊಡ್ಡ ಸಾಧನೆ. ಜೊತೆಗೆ ನಡೆಯುವವರ ನಡುವೆ ಹುಟ್ಟುವ ಸಲಿಗೆಯನ್ನು ಇಷ್ಟು ಸಹಜವಾಗಿ ಹಿಡಿದ ಬರಹ ಬೇರೆ ಭಾಷೆಗಳಲ್ಲಿಯೂ ವಿರಳ. ಕಾರಂತರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇದರ ಜೊತೆಗೇ ಓದಬೇಕಾದದ್ದು. ಕಾದಂಬರಿಯ ಹಿಂದಿರುವ ಅಲೆದಾಟದ ಬದುಕಿನ ಪರಿಚಯ ಅಲ್ಲಿ ಆಗುತ್ತದೆ.

ಎರಡನೆಯದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಇದರ ಗಾತ್ರಕ್ಕೆ ಹೆದರಿ ದೂರ ನಿಲ್ಲುವ ಓದುಗರು ಇದನ್ನು ನಡಿಗೆಯ ಗ್ರಂಥವೆಂದು ಭಾವಿಸಿ ತೆರೆದರೆ ಒಳಹೊಗುವುದು ಸುಲಭವಾಗುತ್ತದೆ. ಕಾದಂಬರಿ ಆರಂಭವಾಗುವುದೇ ಸಿಂಬಾವಿ ಹೆಗ್ಗಡೆಯ ಜೀತದಾಳಾದ ಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡುದಾರಿ ಹಿಡಿದು ಹೋಗುತ್ತಿರುವಲ್ಲಿ. ಸ್ವಾಮಿ ವಿವೇಕಾನಂದರು 1893ರಲ್ಲಿ ಶಿಕಾಗೋದಲ್ಲಿ ಮಾತಾಡಿದ ಕಾಲದ ಮಲೆನಾಡು ಅದು. ಮನೆಯಿಂದ ಮನೆಗೆ, ಊರಿನಿಂದ ಊರಿಗೆ ಸುದ್ದಿ ಹೋಗಬೇಕಾದರೆ ಯಾರಾದರೂ ನಡೆಯಲೇಬೇಕು. ಒಡೆಯರ ಕೆಲಸವನ್ನೂ ತಾನು ಬಯಸಿದ ತಿಮ್ಮಿಯನ್ನು ಕರೆತರುವ ತನ್ನ ಸ್ವಂತ ಕೆಲಸವನ್ನೂ ಒಟ್ಟಿಗೆ ಹೊತ್ತು ನಡೆಯುವ ಗುತ್ತಿಯ ಹೆಜ್ಜೆಗಳೇ ಬೇರೆಬೇರೆ ಮನೆಗಳ ಕಥೆಗಳನ್ನು ಒಂದಕ್ಕೊಂದು ಹೊಲಿಯುತ್ತವೆ. ಸಮಾಜದಲ್ಲಿ ಅತಿ ಕೆಳಗೆ ತಳ್ಳಲ್ಪಟ್ಟ ಒಬ್ಬ ಮನುಷ್ಯನನ್ನು ಮಹಾಕಾದಂಬರಿಯೊಂದರ ಮೊದಲ ನಡಿಗೆಗಾರನನ್ನಾಗಿ ನಿಲ್ಲಿಸಿದ ಕುವೆಂಪು ಅವರ ನಿರ್ಧಾರವನ್ನು ವಿಮರ್ಶೆ ಸಾಮಾಜಿಕ ದೃಷ್ಟಿಯಿಂದ ಗುರುತಿಸಿದೆ. ಆ ಕಾಡಿನ ದಾರಿಗಳ ಮೇಲೆ ನಿಜವಾದ ಅಧಿಕಾರ ಇದ್ದದ್ದು ಯಾರಿಗೆ ಎಂಬ ಪ್ರಶ್ನೆಗೂ ಅಲ್ಲಿ ಉತ್ತರವಿದೆ ಎಂಬುದನ್ನು ಸೇರಿಸಬೇಕಾಗಿದೆ. ‘ಮಲೆನಾಡಿನ ಚಿತ್ರಗಳು’ (1933) ಮತ್ತು ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಇವೆರಡರಲ್ಲಿ ಕುಪ್ಪಳಿಯ ಸುತ್ತಣ ಬೆಟ್ಟಗಳನ್ನು ಹತ್ತಿ ಸೂರ್ಯೋದಯ ನೋಡುವ, ಬೇಟೆಗಾರರ ಜೊತೆ ಅಲೆಯುವ ಯುವಕ ಕಾಣುತ್ತಾನೆ. ಕಾಲಕ್ರಮದಲ್ಲಿ ಈ ಪುಸ್ತಕಗಳನ್ನು ಓದಿದವರಿಗೆ ತನ್ನ ಕಣ್ಣಿನ ಆನಂದಕ್ಕಾಗಿ ನಡೆದ ಆ ಯುವಕ ಗುತ್ತಿಯ ಕಾಲಿನ ಅರಿವಿನವರೆಗೆ ಬಂದು ಮುಟ್ಟಿದ ದೂರ ಗೊತ್ತಾಗುತ್ತದೆ.

ಮೂರನೆಯದಾಗಿ ಪೂರ್ಣಚಂದ್ರ ತೇಜಸ್ವಿ. ಯುವ ಚಾರಣಿಗರ ಬೆನ್ನುಚೀಲದಲ್ಲಿ ಇಂದಿಗೂ ಹೆಚ್ಚಾಗಿ ಕಾಣುವ ಕನ್ನಡ ಪುಸ್ತಕಗಳು ಇವರವೇ ಆಗಿದ್ದರೆ ಆಶ್ಚರ್ಯವಿಲ್ಲ. ‘ಕರ್ವಾಲೊ’ (1980) ಕಾದಂಬರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿ ಕರ್ವಾಲೊ, ನಿರೂಪಕನಾದ ರೈತ, ಛಾಯಾಗ್ರಾಹಕ ಪ್ರಭಾಕರ, ಅಡುಗೆಯ ಕರಿಯಪ್ಪ, ಕಿವಿ ಎಂಬ ನಾಯಿ ಇವರೆಲ್ಲ ಹಾರುವ ಓತಿಯೊಂದನ್ನು ಹುಡುಕಿಕೊಂಡು ದಟ್ಟ ಕಾಡಿಗೆ ಹೋಗುತ್ತಾರೆ. ಆದರೆ ಆ ಓತಿಯನ್ನು ಮೊದಲು ಕಂಡವನು, ದಾರಿ ಬಲ್ಲವನು, ಊರವರ ಲೆಕ್ಕದಲ್ಲಿ ಯಾವ ಕೆಲಸಕ್ಕೂ ಬಾರದ ಮಂದಣ್ಣ. ಅವನಲ್ಲಿರುವ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ವಿಜ್ಞಾನಿ ಗುರುತಿಸುತ್ತಾನೆ, ಉಳಿದವರಿಗೆ ಅದು ತಿಳಿಯಲು ಕಾದಂಬರಿಯಷ್ಟು ಉದ್ದದ ನಡಿಗೆ ಬೇಕಾಗುತ್ತದೆ. ಕೈಗೆ ಸಿಕ್ಕೇಬಿಟ್ಟಿತು ಎನ್ನುವಾಗ ಓತಿ ಪ್ರಪಾತದತ್ತ ತೇಲಿ ಮರೆಯಾಗುವ ಕೊನೆಯ ಭಾಗವನ್ನು ಸೋಲಿನ ಕಥೆಯೆಂದು ಓದಿದರೆ ಪುಸ್ತಕದ ಅರ್ಧ ಭಾಗ ಕೈತಪ್ಪುತ್ತದೆ. ‘ಪರಿಸರದ ಕತೆ’ (1991) ಇದಕ್ಕಿಂತ ಬಿಡಿಯಾದ, ಮೂಡಿಗೆರೆ ಸುತ್ತಿನ ಅನುಭವಗಳ ಸಂಕಲನ. ಅದರ ‘ಮಾಸ್ತಿ ಮತ್ತು ಬೈರ’ದಂಥ ಬರಹಗಳಲ್ಲಿ ಮೇಲೆ ಹೇಳಿದ ‘ಮುಂದೆ ನಡೆಯುವವನ’ ಚಿತ್ರ ಮತ್ತೆ ಮತ್ತೆ ಬರುತ್ತದೆ. ಶಾಲೆ, ಕಾಲೇಜಿನ ಮಕ್ಕಳಿಗೆ ಕೊಡಬೇಕಾದ ಮೊದಲ ಪುಸ್ತಕ ಇದು ಎಂಬುದರಲ್ಲಿ ಎರಡು ಮಾತಿಲ್ಲ.

ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ‘ಕಾಡಿನ ಕತೆಗಳು’ ಮಾಲೆಯಾಗಿಯೂ ಜಿಮ್ ಕಾರ್ಬೆಟ್ಟನ ರುದ್ರಪ್ರಯಾಗದ ಚಿರತೆಯ ವೃತ್ತಾಂತವನ್ನೂ ಕನ್ನಡಕ್ಕೆ ತಂದರು. ಬೇಟೆ ಇಂದು ಅಪರಾಧವಾದ್ದರಿಂದ ಈ ಪುಸ್ತಕಗಳನ್ನು ಓದಬೇಕೇ ಎಂದು ಕೆಲವರು ಸಂಕೋಚಪಡುವುದುಂಟು. ಆದರೆ ಒಂದೇ ನರಭಕ್ಷಕನ ಜಾಡಿನಲ್ಲಿ ತಿಂಗಳುಗಟ್ಟಲೆ ನಡೆದು, ಹೆಜ್ಜೆಗುರುತು, ಮುರಿದ ಹುಲ್ಲು, ಹಕ್ಕಿಗಳ ಎಚ್ಚರಿಕೆಯ ಕೂಗು ಇವುಗಳಿಂದ ಕಾಡನ್ನು ಓದುವ ವಿದ್ಯೆಯನ್ನು ಇಷ್ಟು ವಿವರವಾಗಿ ಕಲಿಸುವ ಬರಹ ಬೇರೆ ಕಡೆ ಸಿಗುವುದು ಕಷ್ಟ. ಕೋವಿಯನ್ನು ಬದಿಗಿಟ್ಟು ಆ ವಿದ್ಯೆಯನ್ನು ಮಾತ್ರ ಎತ್ತಿಕೊಳ್ಳಬಹುದು. ಚಿರತೆಗಳು ಇಂದಿಗೂ ಓಡಾಡುವ ಆರೆಯ ಅಂಚಿನಲ್ಲಿ ವಾಸಿಸುವವರಿಗೆ ಅದು ಬರಿಯ ಸಾಹಿತ್ಯದ ವಿಷಯವೂ ಅಲ್ಲ.

ನಾಲ್ಕನೆಯದು ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಗಳಲ್ಲಿ ಗಿಡಮರಗಳ ಅಧ್ಯಯನಕ್ಕೆ ತಿರುಗುತ್ತಾರೆ. ಇಲ್ಲಿ ಮುಂದೆ ನಡೆಯುವವರು ಸ್ವತಃ ಗುರುಗಳು. ಒಂದು ಗಿಡದ ಮುಂದೆ ನಿಂತರೆ ಅದರ ಎಲೆಯ ಜೋಡಣೆ, ಹೂವಿನ ರಚನೆ, ಸಂಸ್ಕೃತ ಮತ್ತು ತಮಿಳು ಕಾವ್ಯಗಳಲ್ಲಿ ಅದರ ಉಲ್ಲೇಖ, ಅದಕ್ಕಂಟಿದ ಜನರ ನಂಬಿಕೆ, ವಿದ್ಯಾರ್ಥಿಗಳ ತುಂಟತನ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಲೇಖಕರೇ ಬರೆದ ರೇಖಾಚಿತ್ರಗಳು ಪುಟಗಳ ನಡುವೆ ಇವೆ. ಒಂದು ದಿನದಲ್ಲಿ ಎಷ್ಟು ಕಿಲೋಮೀಟರ್ ನಡೆದೆವು ಎಂದು ಎಣಿಸುವ ಅಭ್ಯಾಸ ಬೆಳೆದಿರುವ ಈ ಕಾಲದಲ್ಲಿ ಒಂದೇ ಗಿಡದ ಮುಂದೆ ಒಂದು ಗಂಟೆ ನಿಲ್ಲುವುದೂ ನಡಿಗೆಯ ಭಾಗವೇ ಎಂದು ಮನಗಾಣಿಸುವ ಈ ಪುಸ್ತಕಕ್ಕೆ ಸಮನಾದದ್ದು ಕನ್ನಡದಲ್ಲಿ ಇನ್ನೂ ಬಂದಿಲ್ಲ ಎಂದೇ ಹೇಳಬೇಕು. ಇದೇ ಸಾಲಿಗೆ, ಹೊನ್ನಾವರದ ವಿಜ್ಞಾನಿ ಕೃಷ್ಣಾನಂದ ಕಾಮತರ ‘ಬಸ್ತರ ಪ್ರವಾಸ’ವನ್ನೂ ಸೇರಿಸಿಕೊಳ್ಳಬೇಕು.

ಕನ್ನಡದ ಕೃತಿಗಳಿಂದ ಈಗ ನೆರೆಯ ಮರಾಠಿಯತ್ತ ಬರಬಹುದು. ಮುಂಬಯಿಯ ಕನ್ನಡಿಗರಲ್ಲಿ ಬಹುಪಾಲು ಜನ ಮರಾಠಿ ಓದಬಲ್ಲವರು; ಆದರೂ ಮರಾಠಿ ನಾಟಕ, ಸಂಗೀತಗಳ ಜೊತೆ ಇರುವ ಬಳಕೆ ಮರಾಠಿ ಗದ್ಯದ ಜೊತೆಗೆ ಬೆಳೆದಿಲ್ಲ. ಕಾಲ್ನಡಿಗೆಯ ಸಾಹಿತ್ಯದಲ್ಲಿ ಮರಾಠಿ ಕನ್ನಡಕ್ಕಿಂತ ಸಮೃದ್ಧ ಎಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ಅದಕ್ಕೆ ಮುಖ್ಯ ಕಾರಣ ಪಂಢರಪುರದ ವಾರಿ. ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ ಸೇರುವಂತೆ ಆಳಂದಿಯಿಂದ ಜ್ಞಾನೇಶ್ವರರ, ದೇಹೂವಿನಿಂದ ತುಕಾರಾಮರ ಪಾದುಕೆಗಳನ್ನು ಪಾಲಕಿಯಲ್ಲಿಟ್ಟು, ಸುಮಾರು 250 ಕಿಲೋಮೀಟರ್ ದೂರವನ್ನು ಮೂರು ವಾರಗಳ ಅವಧಿಯಲ್ಲಿ ಲಕ್ಷಾಂತರ ಜನ ನಡೆಯುವ ಯಾತ್ರೆ ಅದು. ದಿಂಡಿ ಎಂದರೆ ಆ ಯಾತ್ರೆಯೊಳಗೆ ಒಟ್ಟಾಗಿ ಹಾಡುತ್ತ ನಡೆಯುವ ಒಂದೊಂದು ತಂಡ. ಜ್ಞಾನೇಶ್ವರರು ತಮ್ಮ ಅಭಂಗವೊಂದರಲ್ಲಿ ವಿಠ್ಠಲನನ್ನು ಕನ್ನಡದವನೆಂದು ಕರೆದಿರುವುದೂ, ಪುರಂದರದಾಸರಾದಿ ಹರಿದಾಸರು ಅದೇ ದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡಿದ್ದೂ ತಿಳಿದ ವಿಷಯ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ವಾರಕರಿಗಳು ಇಂದಿಗೂ ಪಂಢರಪುರಕ್ಕೆ ನಡೆಯುತ್ತಾರೆ.

‘ಯುಗಾಂತ’ದ ಮೂಲಕ ಕನ್ನಡ ಓದುಗರಿಗೂ ಪರಿಚಿತರಾದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಇಂಥ ಒಂದು ದಿಂಡಿಯೊಡನೆ ನಡೆದು ‘ವಾಟಚಾಲ’ ಎಂಬ ಪ್ರಬಂಧ ಬರೆದರು. ಅದರ ಇಂಗ್ಲಿಷ್ ರೂಪ 1962ರಲ್ಲಿ ‘ಜರ್ನಲ್ ಆಫ್ ಏಷ್ಯನ್ ಸ್ಟಡೀಸ್’ ಪತ್ರಿಕೆಯಲ್ಲಿ ಬಂದ ಮೇಲೆ ಹೊರದೇಶಗಳ ವಿದ್ವಾಂಸರೂ ಅದನ್ನು ಗಮನಿಸಿದರು. ಪಂಢರಪುರಕ್ಕೆ ಯಾತ್ರೆ ಹೋಗುವ ಜನರ ನಾಡೇ ಮಹಾರಾಷ್ಟ್ರ ಎಂಬ ವ್ಯಾಖ್ಯೆ ಲೇಖಕಿಗೆ ಹೊಳೆದದ್ದು ನಡೆಯುತ್ತಿರುವಾಗ. ಅದೇ ಪ್ರಬಂಧದಲ್ಲಿ, ದಿನವಿಡೀ ಒಂದೇ ಅಭಂಗವನ್ನು ಒಂದೇ ದನಿಯಲ್ಲಿ ಹಾಡಿಕೊಂಡು ಹೆಜ್ಜೆ ಹಾಕಿದ ದಿಂಡಿಯ ಬ್ರಾಹ್ಮಣರೂ ಮರಾಠರೂ ಊಟದ ಹೊತ್ತಿಗೆ ಬೇರೆಬೇರೆ ಒಲೆ ಹೂಡಿ, ಬೇರೆಬೇರೆ ಪಂಕ್ತಿಯಲ್ಲಿ ಕೂರುವ ನೋವಿನ ಸಂಗತಿಯೂ ಇದೆ. ಭಕ್ತಿಯನ್ನೂ ಅದರ ಮಿತಿಯನ್ನೂ ಒಂದೇ ಪುಟದಲ್ಲಿ, ಎರಡರಲ್ಲಿ ಯಾವುದನ್ನೂ ಮೃದುಗೊಳಿಸದೆ ಹೇಳಿದ ಪ್ರಾಮಾಣಿಕತೆಗಾಗಿ ಇದು ಈ ಉಪನ್ಯಾಸ ಸೂಚಿಸುವ ಎಲ್ಲ ಬರಹಗಳಲ್ಲಿ ಮೊದಲ ಸ್ಥಾನಕ್ಕೆ ಅರ್ಹ. ದಿ.ಬಾ. ಮೊಕಾಶಿ ಅವರ ‘ಪಾಲಖೀ’ (1964) ಇದಕ್ಕಿಂತ ಹಿರಿದಾದ, ಕಥೆಗಾರನ ಕಣ್ಣಿನಿಂದ ಕಂಡ ವಾರಿ. ಮಳೆ, ಕೆಸರು, ಕಾಲುಬೊಬ್ಬೆ, ತಂಗುದಾಣದ ಮಾತುಕತೆ ಅದರಲ್ಲಿ ಹೆಚ್ಚು. ಇತ್ತ ಉತ್ತರ ಕರ್ನಾಟಕದಿಂದ ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು, ನಲ್ಲಮಲದ ಕಾಡು ದಾಟಿ ಶ್ರೀಶೈಲಕ್ಕೆ ನಡೆಯುವ ಸಾವಿರಾರು ಭಕ್ತರ ಪಾದಯಾತ್ರೆಗೂ ಕರ್ವೆ, ಮೊಕಾಶಿ ಅವರಂಥ ಬರಹಗಾರರು ಕನ್ನಡದಲ್ಲಿ ಒದಗಬೇಕು.

ಮರಾಠಿಯ ಇನ್ನೊಂದು ಅಪೂರ್ವ ಗ್ರಂಥ ವಿಷ್ಣುಭಟ್ ಗೋಡ್ಸೆ ವರಸಈಕರ್ ಅವರ ‘ಮಾಝಾ ಪ್ರವಾಸ’. ಮುಂಬಯಿಯ ಎದುರು ದಡದ ಪೇಣ್ ಸೀಮೆಯ ವರಸಈ ಎಂಬ ಹಳ್ಳಿಯ ಬಡ ವೈದಿಕರೊಬ್ಬರು, ಉತ್ತರದಲ್ಲಿ ದೊಡ್ಡ ಯಜ್ಞವೊಂದು ನಡೆಯುತ್ತದೆ, ದಕ್ಷಿಣೆ ಸಿಕ್ಕರೆ ಮನೆಯ ಸಾಲ ತೀರುತ್ತದೆ ಎಂದು ಚಿಕ್ಕಪ್ಪನೊಡನೆ 1857ರಲ್ಲಿ ಹೊರಟು ಆ ವರ್ಷದ ದಂಗೆಯ ನಡುವೆ ಸಿಕ್ಕಿಬೀಳುತ್ತಾರೆ, ಝಾನ್ಸಿಯ ಮುತ್ತಿಗೆಯನ್ನು ಕೋಟೆಯೂರಿನ ಒಳಗಿದ್ದೇ ನೋಡುತ್ತಾರೆ, ದೋಚಲ್ಪಡುತ್ತಾರೆ, ಕೊನೆಗೆ ಹಣವಿಲ್ಲದಿದ್ದರೂ ಗಂಗಾಜಲದ ಕಾವಡಿಯನ್ನು ಹೆಗಲ ಮೇಲೆ ಹೊತ್ತು ನಡೆದು ಊರಿಗೆ ತಂದು ತಂದೆತಾಯಿಗೆ ಸ್ನಾನ ಮಾಡಿಸುತ್ತಾರೆ. ಬರೆದು ಬಹುಕಾಲದ ನಂತರ, 1907ರಲ್ಲಿ, ಚಿಂತಾಮಣ ವಿನಾಯಕ ವೈದ್ಯರು ಇದನ್ನು ಪ್ರಕಟಿಸಿದರು. ಇತಿಹಾಸಕಾರರು ಇದನ್ನು ದಂಗೆಯ ಸಾಕ್ಷ್ಯವಾಗಿ ಓದುತ್ತಾರೆ. ದಾರಿಯ ಛತ್ರಗಳು, ನದಿ ದಾಟುವ ಕಷ್ಟ, ಕಳ್ಳರ ಭಯ, ಅಪರಿಚಿತರ ಔದಾರ್ಯ ಇವುಗಳ ದಾಖಲೆಯಾಗಿಯೂ ಅದು ಬೆಲೆಯುಳ್ಳದ್ದು.

ಕೋಟೆಗಳ ಸಾಹಿತ್ಯದಲ್ಲಿ ಗೋಪಾಲ ನೀಲಕಂಠ ದಾಂಡೇಕರರದು (1916–1998) ಎದ್ದು ಕಾಣುವ ಹೆಸರು. ಇವರ ‘ದುರ್ಗಭ್ರಮಣಗಾಥಾ’ ಸಹ್ಯಾದ್ರಿಯ ಗಡಗಳನ್ನು ಕುರಿತದ್ದು. ‘ಮಾಚೀವರಲಾ ಬುಧಾ’ ಕಾದಂಬರಿಯಲ್ಲಿ ಮುಂಬಯಿಯ ಬದುಕನ್ನು ಬಿಟ್ಟು ರಾಜಮಾಚಿಯ ಮೇಲೆ ಮರ, ಹಕ್ಕಿ, ಪ್ರಾಣಿಗಳ ನಡುವೆ ಬಾಳಲು ಮರಳುವ ಮುದುಕನ ಕಥೆ ಇದೆ. ಮಾಚಿ ಎಂದರೆ ಕೋಟೆಯ ನೆತ್ತಿಗಿಂತ ಕೆಳಗೆ ಚಾಚಿಕೊಂಡ ಸಮತಟ್ಟು. ಮಳೆಗಾಲದಲ್ಲಿ ವಾರಾಂತ್ಯಕ್ಕೆಂದು ರಾಜಮಾಚಿಗೆ ಹೋಗುವ ಮುಂಬಯಿಯ ತರುಣರು ಈ ಚಿಕ್ಕ ಪುಸ್ತಕವನ್ನು ಮೊದಲು ಓದಿ ಹೋಗುವುದು ಉಚಿತ. ಅರಣ್ಯಾಧಿಕಾರಿಯಾಗಿದ್ದು ಅರಣ್ಯಲೇಖಕರಾದ, ಕನ್ನಡದ ನೆರಳೂ ಇರುವ ಸೋಲಾಪುರದಲ್ಲಿ ಹುಟ್ಟಿದ ಮಾರುತಿ ಚಿತಮಪಲ್ಲಿ, ತಿಂಗಳು ತಿಂಗಳಿಗೂ ಪ್ರಕೃತಿ ಬದಲಾಗುವುದನ್ನು ‘ಋತುಚಕ್ರ’ದಲ್ಲಿ ದಾಖಲಿಸಿದ ದುರ್ಗಾ ಭಾಗವತ್ ಇವರ ಕೃತಿಗಳನ್ನು ಇಲ್ಲಿ ಹೆಸರಿಸಿ ಮುಂದೆ ಸಾಗಬೇಕಾಗಿದೆ.

ಮುಂದಿನ ವಿಷಯ ಇನ್ನೂ ದೂರದ ದಾರಿಗಳದ್ದು. ಮೊದಲಿಗೆ ನರ್ಮದೆ. ಸುಮಾರು 1,312 ಕಿಲೋಮೀಟರ್ ಉದ್ದದ ಈ ನದಿಯನ್ನು ಬಲಕ್ಕಿಟ್ಟುಕೊಂಡು ಎರಡೂ ದಡಗಳನ್ನು ನಡೆದು ಸುತ್ತುವ ಪರಿಕ್ರಮ ಹಳೆಯ ಸಂಪ್ರದಾಯ. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಶಿಷ್ಯರಾಗಿದ್ದ ಜಬಲ್‌ಪುರದ ಚಿತ್ರಕಾರ ಅಮೃತಲಾಲ್ ವೇಗಡ್ ಐವತ್ತರ ಹೊತ್ತಿಗೆ, 1977ರಲ್ಲಿ, ಈ ದಡಗಳನ್ನು ತುಂಡುತುಂಡಾಗಿ ನಡೆಯತೊಡಗಿದರು. ಅದರ ಫಲವಾದ ಗುಜರಾತಿ ಕೃತಿ ‘ಸೌಂದರ್ಯನೀ ನದೀ ನರ್ಮದಾ’ಕ್ಕೆ 2004ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಿಂದಿಯಲ್ಲಿಯೂ ಅದು ದೊರೆಯುತ್ತದೆ. ಅಣೆಕಟ್ಟುಗಳ ಹಿನ್ನೀರಿನಲ್ಲಿ ಆ ಹಾದಿಯ ಎಷ್ಟೋ ಭಾಗ, ಅದರ ಘಾಟುಗಳು ಮತ್ತು ಊರುಗಳು ಮುಳುಗಿಹೋದ ಮೇಲೆ ಆ ಪುಸ್ತಕ ಇನ್ನು ಯಾರೂ ನಡೆಯಲಾಗದ ದಾರಿಯ ದಾಖಲೆಯಾಗಿ ನಿಂತಿದೆ.

ರಾಜಕೀಯ ಮತ್ತು ಸಮಾಜಸೇವೆಯ ನಡಿಗೆಗಳದು ಪ್ರತ್ಯೇಕ ಉಪನ್ಯಾಸಕ್ಕೆ ಆಗುವಷ್ಟು ದೊಡ್ಡ ವಿಷಯ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದವರಲ್ಲಿ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವ ಇದ್ದರು ಎಂಬುದನ್ನೂ, ರಾಯಗಡ ಜಿಲ್ಲೆಯ ಗಾಗೋದೆಯಲ್ಲಿ ಹುಟ್ಟಿದ ವಿನೋಬಾ 1951ರಲ್ಲಿ ಆರಂಭಿಸಿದ ಭೂದಾನ ಪಾದಯಾತ್ರೆ 1957ರಲ್ಲಿ ಮೈಸೂರಿನ ಬಳಿಯ ಯಲವಾಲವನ್ನು ಮುಟ್ಟಿತ್ತು ಎಂಬುದನ್ನೂ ನೆನೆದರೆ ಇಲ್ಲಿಗೆ ಸಾಕು.

ಹೊರದೇಶದ ಕೃತಿಗಳಲ್ಲಿ ಮೂರನ್ನು ವಿಶೇಷವಾಗಿ ಸೂಚಿಸಬಹುದು. ಜಪಾನಿನ ಕವಿ ಬಾಶೋ 1689ರಲ್ಲಿ ಶಿಷ್ಯ ಸೋರನೊಡನೆ ಉತ್ತರದ ದುರ್ಗಮ ಪ್ರಾಂತಗಳಿಗೆ ನಡೆದು ಬರೆದ, ಗದ್ಯದ ನಡುವೆ ಹಾಯ್ಕುಗಳಿರುವ ಪ್ರವಾಸ ಗ್ರಂಥ ಮೊದಲನೆಯದು. ಎರಡನೆಯದು ಸ್ಕಾಟ್ಲೆಂಡಿನ ನ್ಯಾನ್ ಶೆಫರ್ಡ್ ಕೇರ್ನ್‌ಗಾರ್ಮ್ ಬೆಟ್ಟಗಳನ್ನು ಕುರಿತು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರೆದು, ಸುಮಾರು ಮೂರು ದಶಕ ಕಳೆದು 1977ರಲ್ಲಿ ಪ್ರಕಟಿಸಿದ ‘ದ ಲಿವಿಂಗ್ ಮೌಂಟನ್’. ಶಿಖರ ಮುಟ್ಟುವುದನ್ನೇ ಗುರಿಯಾಗಿಟ್ಟುಕೊಳ್ಳದೆ ಬೆಟ್ಟದ ಒಳಗೆ ನಡೆಯುವುದನ್ನು ಇದು ಕಲಿಸುತ್ತದೆ. ಪೀಟರ್ ಮ್ಯಾಥಿಸನ್‌ನ ‘ದ ಸ್ನೋ ಲೆಪರ್ಡ್’ (1978) ಮೂರನೆಯದು. ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ ಜೊತೆ 1973ರಲ್ಲಿ ನೇಪಾಳದ ಡೋಲ್ಪೊ ಪ್ರದೇಶಕ್ಕೆ ನಡೆದುಹೋದ ಲೇಖಕನಿಗೆ ಹಿಮಚಿರತೆ ಕಾಣಿಸುವುದೇ ಇಲ್ಲ. ಪುಸ್ತಕದ ಕೊನೆಗೆ ಓದುಗರ ಮನಸ್ಸಿನಲ್ಲಿ ಉಳಿಯುವವನು, ಜೊತೆಯವರು ನಂಬದ, ಲೇಖಕ ಮಾತ್ರ ಗುರುವಿನಂತೆ ಕಂಡ ಟುಕ್ಟೆನ್ ಎಂಬ ಶೆರ್ಪಾ. ಮಂದಣ್ಣನನ್ನು ಬಲ್ಲ ಕನ್ನಡ ಓದುಗರಿಗೆ ಟುಕ್ಟೆನ್ ಕೂಡಲೇ ಪರಿಚಿತನೆನಿಸುತ್ತಾನೆ.

ಮುಂಬಯಿಯವರೇ ಆದ ಸಲೀಂ ಅಲಿಯವರ ಆತ್ಮಕಥೆ ‘ದ ಫಾಲ್ ಆಫ್ ಎ ಸ್ಪ್ಯಾರೋ’ (1985) ಈ ಪಟ್ಟಿಯಲ್ಲಿ ಇರಲೇಬೇಕು. ಬಾಲ್ಯದಲ್ಲಿ ಹೊಡೆದ ಹಳದಿ ಕೊರಳಿನ ಗುಬ್ಬಿಯ ಗುರುತು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ ಅವರು ಮುಂದೆ ಮೈಸೂರು ಸಂಸ್ಥಾನದ ಕಾಡುಗಳನ್ನೂ ಅಲೆದು ಅಲ್ಲಿನ ಹಕ್ಕಿಗಳ ಸಮೀಕ್ಷೆಯನ್ನು 1940ರ ದಶಕದ ಆರಂಭದಲ್ಲಿ ಪ್ರಕಟಿಸಿದರು. 1883ರಲ್ಲಿ ಹುಟ್ಟಿದ ಅದೇ ಸೊಸೈಟಿಯ ಪರಿಸರ ಶಿಕ್ಷಣ ಕೇಂದ್ರ ಗೋರೆಗಾಂವಿನ ಚಿತ್ರನಗರಿಯ ಪಕ್ಕದಲ್ಲೇ ಇದೆ.

ಇನ್ನು ಓದಿನ ಕ್ರಮ. ಹತ್ತರಿಂದ ಹದಿನೈದು ವಯಸ್ಸಿನ ಮಕ್ಕಳಿಗೆ ‘ಪರಿಸರದ ಕತೆ’ಯಿಂದ, ಚಾರಣಕ್ಕೆ ಹೋಗುವ ತರುಣರಿಗೆ ‘ಕರ್ವಾಲೊ’ ಮತ್ತು ‘ಮಾಚೀವರಲಾ ಬುಧಾ’ ಇವುಗಳಿಂದ, ನಿವೃತ್ತರಿಗೆ ‘ಬೆಟ್ಟದ ಜೀವ’ ಮತ್ತು ‘ಹಸುರು ಹೊನ್ನು’ ಇವುಗಳಿಂದ ಆರಂಭಿಸುವುದು ಸೂಕ್ತ. ‘ಮಲೆಗಳಲ್ಲಿ ಮದುಮಗಳು’ ಕೃತಿಯನ್ನು ಗುಂಪಾಗಿ, ವಾರಕ್ಕೆ ಕೆಲವು ಅಧ್ಯಾಯಗಳಂತೆ ಓದುವುದು ಒಳ್ಳೆಯದು. ಪ್ರತಿ ಪುಸ್ತಕದ ಜೊತೆಗೆ ಒಂದು ನಡಿಗೆಯೂ ಇರಲಿ. ಕಾನ್ಹೇರಿಯ ಮೆಟ್ಟಿಲುಗಳು ಮುದುಕರಿಗೂ ಎಟುಕುವಷ್ಟು ಹತ್ತಿರದಲ್ಲಿವೆ. ಕಾಡಿನ ಅಂಚಿಗೆ ಹೋದಾಗ ಅಲ್ಲಿನ ಪಾಡಾದವರನ್ನು ಮಾತಾಡಿಸಿ, ಅವರ ಹೆಸರನ್ನು ಕೇಳಿ ತಿಳಿದು, ದಾರಿ ತೋರಿಸಿದ್ದಕ್ಕೆ ತಕ್ಕ ಕೂಲಿ ಕೊಟ್ಟು ನಡೆಯುವುದು ಈ ಪುಸ್ತಕಗಳನ್ನು ಓದಿದವರಿಗೆ ಒಪ್ಪುವ ನಡತೆ.

ಕೊನೆಯದಾಗಿ ಒಂದು ಮನವಿ. ಮುಂಬಯಿಯ ಕನ್ನಡಿಗರ ಹಿಂದಿನ ತಲೆಮಾರು ಈ ನಗರಕ್ಕೆ ಬಂದದ್ದು ಹಡಗಿನಲ್ಲಿ, ರೈಲಿನಲ್ಲಿ. ಆದರೆ ಊರಿನ ಮನೆಯಿಂದ ಬಂದರಿಗೆ, ಬಸ್ಸು ಸಿಗುವ ಪೇಟೆಗೆ, ರೈಲಿನ ಸ್ಟೇಶನ್ನಿಗೆ ಅವರು ಬಂದದ್ದು ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿ, ಗದ್ದೆಯ ಹುಣಿಯ ಮೇಲೆ, ಗುಡ್ಡ ಹತ್ತಿ ಇಳಿದು, ಕಡವಿನಲ್ಲಿ ದೋಣಿ ಕಾದು, ತಲೆಯ ಮೇಲೆ ಗಂಟು ಹೊತ್ತವರೊಬ್ಬರ ಹಿಂದೆ. ಆ ದಾರಿಗಳಲ್ಲಿ ಹಲವು ಇಂದು ರಸ್ತೆಯ ಕೆಳಗೆ, ಕಂಪೌಂಡುಗಳ ಒಳಗೆ, ಹಿನ್ನೀರಿನ ಅಡಿಯಲ್ಲಿವೆ; ಅವುಗಳನ್ನು ನಡೆದವರು ಎಂಬತ್ತು ತೊಂಬತ್ತರ ವಯಸ್ಸಿನಲ್ಲಿ ಈ ಉಪನಗರಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ಸಭೆಯಲ್ಲಿರುವ ಮಕ್ಕಳು, ಮೊಮ್ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಅವರ ಬಳಿ ಕುಳಿತು, ಮನೆಯ ಹೆಸರು, ದಾಟಿದ ಹೊಳೆ, ನೀರು ಕುಡಿದ ಕಟ್ಟೆ, ಜೊತೆಗೆ ಬಂದವರು, ಮುಂದೆ ನಡೆದವರ ಹೆಸರು ಇಷ್ಟನ್ನಾದರೂ ಕನ್ನಡದಲ್ಲಿ ಬರೆದುಕೊಳ್ಳಬೇಕು, ಬರೆದದ್ದನ್ನು ತಮ್ಮ ತಮ್ಮ ಸಂಘದ ಗ್ರಂಥಾಲಯಕ್ಕೆ ತಂದು ಒಪ್ಪಿಸಬೇಕು. ಈ ಕೆಲಸ ಬರುವ ಮಳೆಗಾಲದೊಳಗೆ ಆರಂಭವಾಗಲಿ.